ಮಾವನ ಹೆಸರಿನ ಮಗ

ಗದಗಿನಲ್ಲಿ, ಹುಟ್ಟಿದ ಏಳನೆಯ ದಿನ, ನನ್ನ ಗಂಡ ಮಗನಿಗೆ ಹಿಂದಿನ ವರ್ಷ ತೀರಿಹೋಗಿದ್ದ ತಮ್ಮ ತಂದೆಯ ಹೆಸರನ್ನೇ ಇಟ್ಟರು. ಅನೀಸ್. ಈಗ ಬರೆಯುವುದಕ್ಕೇನೂ ಕಷ್ಟವಿಲ್ಲ. ಆಗ ನನ್ನ ಬಾಯಲ್ಲಿ ಬರುತ್ತಿರಲಿಲ್ಲ, ಅತ್ತೆಯ ಬಾಯಲ್ಲಂತೂ ಇಲ್ಲವೇ ಇಲ್ಲ. ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ, ಮನೆಮಾತು ಕನ್ನಡ. ನಮ್ಮ ಹೆಂಗಸರು ಗಂಡನ ಹೆಸರನ್ನಾಗಲಿ ಮಾವನ ಹೆಸರನ್ನಾಗಲಿ ಹೇಳುವುದಿಲ್ಲ. ಹೆಸರಿಟ್ಟ ಮಹಾರಾಯರು ನೌಕಾಪಡೆಯವರು, ರಜೆ ಮುಗಿದ ಕೂಡಲೇ ಹಡಗು ಹತ್ತಿದರು. ದಿನವೂ ಕರೆಯಬೇಕಾದವರು ನಾವಿಬ್ಬರು.

ಕೂಸನ್ನು ಕರೆದುಕೊಂಡು ಅತ್ತೆ, ನಾನು ಅವರ ಹಡಗಿನ ನೆಲೆಯಾದ ವಿಶಾಖಪಟ್ಟಣಕ್ಕೆ ಹೊರಟೆವು. ವಿಜಯವಾಡದಲ್ಲಿ ರೈಲು ಬದಲಿಸುವ ನಡುವೆ ಅರ್ಧ ದಿನ ಸಿಕ್ಕಿತು. ಗವರ್ನರ್‌ಪೇಟೆಯಲ್ಲಿ ಊಟ ಮುಗಿಸಿ ಹೊರಬಂದರೆ ಎದುರಿಗೇ ಅತ್ತರು, ಅರಬ್ಬಿ ಪುಸ್ತಕ ಮಾರುವ ಅಂಗಡಿ.

"ಇವನ ಹೆಸರಿನ ಅರ್ಥ ಏನಂತ ಕೇಳವಾ," ಎಂದರು ಅತ್ತೆ.

ಬಾಯಿ ಬಿಡದೆ ಕೇಳುವುದು ಹೇಗೆ? ಜನನ ಪತ್ರವನ್ನೇ ತೆಗೆದು ಅಂಗಡಿಯ ಮುದುಕರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಓದಿ, ಉರ್ದುವಿನಲ್ಲಿ ಬಿಡಿಸಿ ಹೇಳಿದರು. ಅದು ಅರಬ್ಬಿ ಹೆಸರು, 'ಉನ್ಸ್' ಎಂಬ ಮಾತಿನಿಂದ ಬಂದದ್ದು. ಉನ್ಸ್ ಎಂದರೆ ಒಲವು, ಸಲಿಗೆ. ಯಾರು ಬಳಿಯಿದ್ದರೆ ಒಂಟಿತನ ಕಾಡುವುದಿಲ್ಲವೋ ಅವನು ಅನೀಸ್.

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಕೂಸಿನ ಕುಲಾವಿ ಸರಿಮಾಡಿದರು. "ಹಂಗಾರ ಜೊತಿಗಾರ ಅಂತ ಕರಿಯೂಣು. ಅವರೂ ಹಂಗ ಇದ್ರು," ಎಂದರು.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಮನೆಯಲ್ಲಿ ಮಗ ಜೊತಿಗಾರನಾಗಿಯೇ ಬೆಳೆದ. ಮಾವನ ಹೆಸರು ಹಿಡಿದು 'ಮತ್ತೆ ಚಡ್ಡಿ ಒದ್ದೆ ಮಾಡಿದೆಯಾ' ಎಂದು ಗದರುವ ಪಾಪದಿಂದ ನಾನೂ ಪಾರಾದೆ. ಅಕ್ಕಪಕ್ಕದವರಿಗೆ ಅವನು ಬಾಬು. ಬಂದರಿನಿಂದ ಫೋನ್ ಮಾಡುವಾಗ ಅವನ ಅಪ್ಪನೂ "ಜೊತಿಗಾರ ಹೆಂಗದಾನ?" ಎಂದೇ ಕೇಳುತ್ತಿದ್ದರು.

ಮೂರೂವರೆ ವರ್ಷಕ್ಕೆ ಶಾಲೆಗೆ ಸೇರಿಸಲು ಹೋದೆ. "ನೀ ಪೇರೇಂಟಿ ಬಾಬು?" ಎಂದು ಟೀಚರ್ ಹೆಸರು ಕೇಳಿದರು. "ಜೊತಿಗಾರ," ಎಂದ. ಅವರು ಅರ್ಜಿ ನೋಡಿ "ಅನೀಸ್" ಎಂದು ಕರೆದರು. ಮಗ ತಿರುಗಿ ಹಿಂದೆ ನೋಡಿದ, ಬೇರೆ ಯಾರನ್ನೋ ಕರೆದಿರಬೇಕು ಎಂದು. ಟೀಚರ್ ನಗಲಿಲ್ಲ. ಮೊದಲು ಮಗುವಿಗೆ ಅದರ ಹೆಸರು ಕಲಿಸಿ ಕರೆತನ್ನಿ, ಎಂದು ಮೆತ್ತಗೆ ಹೇಳಿದರು. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚಾಯಿತು. ನಮ್ಮ ಮರ್ಯಾದೆ ಉಳಿಸಿಕೊಳ್ಳಲು ಮಗುವಿನ ಹೆಸರನ್ನೇ ಅದರಿಂದ ಬಚ್ಚಿಟ್ಟಿದ್ದೆವು.

ಮನೆಗೆ ಬಂದು ಅತ್ತೆಗೆ ಎಲ್ಲ ಒದರಿದೆ. ಅವರು ಮಧ್ಯಾಹ್ನ ಊಟವಾದ ಮೇಲೆ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ನಾ ಕರದ್ರ ನೀ ಓ ಅನಬೇಕು," ಎಂದರು. ಎರಡು ಸಲ ಬಾಯಿ ತೆರೆದು ಮುಚ್ಚಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಅನೀಸ."

"ಓ," ಎಂದ ಮಗ.

ಮತ್ತೆ ಕರೆದರು. ಅವನಿಗೆ ಅದು ಆಟವಾಯಿತು, ಕರೆದಷ್ಟೂ ಸಲ ಓಗೊಟ್ಟ. ನಾನು ಬಾಗಿಲಲ್ಲೇ ನಿಂತಿದ್ದೆ. ಅತ್ತೆ ನನ್ನತ್ತ ನೋಡದೆ ಹೇಳಿದರು:

"ನಲವತ್ತು ವರ್ಷ ಸಂಸಾರ ಮಾಡಿದ್ನಿ, ಒಮ್ಮಿನೂ ಕರೀಲಿಲ್ಲ. ಕರದಿದ್ರ ಅವರೂ ಹಿಂಗ ಓ ಅಂತಿದ್ರೇನೋ."