ಬಾಗಿಲು ಮುಚ್ಚಿ ಬಡಿಸಿದ ಊಟ

ಹಂಪನಕಟ್ಟೆಯ ನಮ್ಮ ಸಣ್ಣ ಹೋಟೆಲಿನಲ್ಲಿ ಮೀನುಸಾರು ಕುದಿ ಬಂದ ಮೇಲೆ ಮೊದಲು ರುಚಿ ನೋಡುವುದು ನನ್ನ ಗಂಡ ಜಗದೀಶರು. ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಾರೆ, ಆಮೇಲೆಯೇ ಪಾತ್ರೆ ಇಳಿಯುವುದು. ಆ ಬೆಳಿಗ್ಗೆ ಹನಿ ಬಿಟ್ಟುಕೊಂಡವರು ನೆಕ್ಕಲಿಲ್ಲ. ಕೈಯನ್ನೇ ನೋಡುತ್ತಾ ನಿಂತರು.

"ಇದು ಯಾರ ಕೈ, ವಸಂತಿ?"

ನಾನು ನಕ್ಕೆ. ತಮಾಷೆಯ ಮನುಷ್ಯ ಅವರು, ಗಿರಾಕಿಗಳನ್ನೂ ಬಿಡುವವರಲ್ಲ. "ನಿಮ್ಮದಲ್ಲದೆ ಪಕ್ಕದ ಹೋಟೆಲಿನವರದ್ದಾ ಮಾರಾಯ್ರೆ?" ಎಂದೆ. ಅವರು ನಗಲಿಲ್ಲ.

ಅದೇ ವಾರ ಫಿಟ್ಸ್ ಬಂತು. ಆಂಬುಲೆನ್ಸ್. ಐಸಿಯು. ಎಂಆರ್‌ಐ. ಬೆನ್ನಿನಿಂದ ನೀರು ತೆಗೆದರು. ಕೊನೆಗೆ ಕಾಯಿಲೆಗೆ ಹೆಸರು ಸಿಕ್ಕಿತು: ಆಟೋಇಮ್ಯೂನ್ ಎನ್ಸೆಫಲೈಟಿಸ್. ಶರೀರವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಮೆದುಳಿನ ಮೇಲೆ ಬಿದ್ದಿದೆ ಎಂದು ನ್ಯೂರಾಲಜಿಯ ಡಾಕ್ಟರ್ ಮೇಡಂ ತಿಳಿಸಿದರು. ಸ್ಟಿರಾಯ್ಡ್ ಕೊಟ್ಟ ಮೇಲೆ ಫಿಟ್ಸ್ ನಿಂತಿತು. ಡಿಸ್ಚಾರ್ಜ್ ಮಾಡಿಸಿಕೊಂಡು ಕಾವೂರಿನ ಮನೆಗೆ ಬಂದಾಗ ಗಂಡಾಂತರ ಕಳೆಯಿತೆಂದುಕೊಂಡೆ. ಜೊತೆಗಿರಲು ಇವರ ಅಕ್ಕ ಸುಶೀಲಕ್ಕನೂ ಬಂದರು.

ಮರುದಿನ ಗಂಜಿ ಕೊಟ್ಟೆ. ಬಟ್ಟಲನ್ನು ಮೆಲ್ಲಗೆ ಸರಿಸಿದರು.

"ನಾನು ಸತ್ತಾಗಿದೆ, ವಸಂತಿ. ಐಸಿಯುವಿನಲ್ಲೇ. ನೀವು ಯಾರೂ ನೋಡ್ಲಿಲ್ಲ."

ಸಿಟ್ಟಿಲ್ಲ, ಅಳುವಿಲ್ಲ. ಇವತ್ತು ಬಂಗುಡೆ ಮೀನು ಬರಲಿಲ್ಲ ಎನ್ನುವಾಗಿನ ದನಿ. ಅವರ ಬೆರಳನ್ನು ಅವರದೇ ಮಣಿಕಟ್ಟಿನ ಮೇಲೆ ಒತ್ತಿ ಹಿಡಿದೆ.

"ನೋಡಿ, ನಾಡಿ ಹೊಡೀತಾ ಉಂಟು."

ಸ್ವಲ್ಪ ಹೊತ್ತು ಗಮನವಿಟ್ಟು ನೋಡಿದರು. "ಅದು ನಿನ್ನದು. ನಿನ್ನ ಕೈ ತಾಗ್ತಾ ಉಂಟಲ್ಲ," ಎಂದರು.

ಸತ್ತವರು ಮಾತಾಡುತ್ತಾರಾ ಎಂದು ಕೇಳಿದೆ. "ಮಾತು ಬರ್ತಾ ಉಂಟು, ಒಳಗೆ ಯಾರೂ ಇಲ್ಲ," ಎಂದರು.

ಮೇಡಂ ಬಳಿಗೆ ಓಡಿದೆವು. ಅವರು ನನ್ನನ್ನು ಹೊರಗೆ ಕರೆದು ಹೇಳಿದರು: "ಅವರು ಸುಳ್ಳು ಹೇಳ್ತಾ ಇಲ್ಲಮ್ಮ. ನಾನು ಇದ್ದೇನೆ ಅಂತ ನಮಗೆಲ್ಲ ಅನಿಸ್ತದಲ್ಲ, ಅದನ್ನೂ ಮೆದುಳೇ ಮಾಡಿಕೊಡುವುದು. ಇವರ ಮೆದುಳು ಈಗ ಅದನ್ನು ಮಾಡ್ತಾ ಇಲ್ಲ. ಡೇ ಕೇರ್‌ನಲ್ಲಿ ಇನ್ನೊಂದು ಕೋರ್ಸ್ ಡ್ರಿಪ್ ಕೊಡುವ. ಔಷಧಿ ಹಿಡಿಯಲಿಕ್ಕೆ ಟೈಮ್ ಬೇಕು. ಊಟ ಮಾತ್ರ ಹೋಗ್ಲೇಬೇಕು. ಇಲ್ಲದಿದ್ರೆ ಅಡ್ಮಿಟ್ ಮಾಡಿ ಟ್ಯೂಬ್ ಹಾಕಬೇಕಾಗ್ತದೆ."

ಐಸಿಯುವಿನಲ್ಲಿ ಮೂಗಿನ ಟ್ಯೂಬನ್ನು ಕಿತ್ತು ರಕ್ತ ಮಾಡಿಕೊಂಡವರು ಇವರು. ಕೈ ಕಟ್ಟಿ ಹಾಕಿದ್ದರು. ಮತ್ತೆ ಅದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಮೇಡಂ ಹೇಳಿದ ಮಾತು ನನ್ನೊಳಗೂ ಹೊಕ್ಕಿತು. ಬಟ್ಟೆ ಒಣಗಿಸುತ್ತಾ ಸುಮ್ಮನೆ ನಿಂತುಬಿಡುತ್ತಿದ್ದೆ. ನಾನಿದ್ದೇನೆ ಎನ್ನುವುದಕ್ಕೆ ನನ್ನ ಬಳಿ ಇರುವ ಸಾಕ್ಷಿಯಾದರೂ ಏನು? ಹಾಗೆ ಅನಿಸುತ್ತದೆ, ಅಷ್ಟೇ. ಈ ಹಗ್ಗ, ಈ ಬಿಸಿಲು, ವಿಮಾನ ನಿಲ್ದಾಣದ ಕಡೆ ಹೋಗುವ ಬಸ್ಸಿನ ಹಾರನ್, ಎಲ್ಲವೂ ನನಗೆ ನಿಜವಾಗಿರುವುದು ಆ ಒಂದು ಅನಿಸಿಕೆಯಿಂದ. ಇವರಲ್ಲಿ ಆರಿದ್ದು ನನ್ನಲ್ಲಿ ಆರಲಾರದು ಎಂದು ಹೇಳುವವರು ಯಾರು? ಎದೆಯ ಮೇಲೆ ಕೈಯಿಟ್ಟು ನೋಡಿಕೊಳ್ಳುತ್ತಿದ್ದೆ. ಹುಚ್ಚು ಹಿಡಿಯುತ್ತದೆಂದು ಹೆದರಿಕೆಯಾಗುತ್ತಿತ್ತು.

ಏನು ಕೊಟ್ಟರೂ ಅವರದು ಒಂದೇ ಮಾತು. "ಸತ್ತವನಿಗೆ ಊಟ ಎಂತದಕ್ಕೆ?"

ಆಗ ಹೊಳೆಯಿತು. ನಮ್ಮಲ್ಲಿ ಸತ್ತವರಿಗೂ ಊಟ ಉಂಟು. ತೀರಿಕೊಂಡವರನ್ನು ತುಳುವಿನಲ್ಲಿ ಕುಲೆ ಎನ್ನುತ್ತೇವೆ. ವರ್ಷದಲ್ಲಿ ಒಂದು ದಿನ ಕುಲೆಗಳಿಗೆ ಇಷ್ಟವಾದದ್ದನ್ನು ಮಾಡಿ, ಎಲೆಗೆ ಬಡಿಸಿ, ದೀಪವಿಟ್ಟು, ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ಅವರು ಉಣ್ಣುವಾಗ ಯಾರೂ ನೋಡಬಾರದು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು.

ಸುಶೀಲಕ್ಕನಿಗೆ ಹೇಳಿದೆ. "ಜೀವ ಇದ್ದವನಿಗೆ ಹಾಗೆ ಬಡಿಸ್ತಾರಾ? ನಿನಗೆ ತಲೆ ಸರಿ ಉಂಟಾ?"

"ಟ್ಯೂಬ್ ಹಾಕುವುದು ಬೇಡ ಅಕ್ಕ," ಎಂದೆ.

ಮಧ್ಯಾಹ್ನ ಅವರನ್ನು ಒಳಕೋಣೆಯಲ್ಲಿ ಕೂರಿಸಿ, ಬಾಳೆಲೆಯಲ್ಲಿ ಅನ್ನ, ಬಂಗುಡೆ ಸಾರು ಬಡಿಸಿದೆ. ದೀಪವಿಟ್ಟೆ. ಬಾಗಿಲು ಮುಚ್ಚಿದೆ. ಹೊರಗೆ ನಾವಿಬ್ಬರೂ ಗೋಡೆಗೊರಗಿ ನಿಂತೆವು. ತಟ್ಟಿ ತೆರೆದಾಗ ಎಲೆ ಖಾಲಿಯಾಗಿತ್ತು.

ಸಂತೋಷಕ್ಕೆ ಅತ್ತುಬಿಟ್ಟೆ. ಮರುಗಳಿಗೆಯಲ್ಲೇ ಮಾಡಿದ್ದು ಏನೆಂದು ಅರಿವಾಯಿತು. ಮುತ್ತೈದೆ ನಾನು, ಬದುಕಿರುವ ಗಂಡನಿಗೆ ಕುಲೆಯ ಎಲೆ ಹಾಕಿದ್ದೆ.

ದಿನವೂ ಹಾಗೆಯೇ ಬಡಿಸಿದೆ, ಊಟ ಹೋಯಿತು. ಡ್ರಿಪ್ಪೂ ನಡೆಯಿತು. ಆದರೆ ಮಾತು ನಿಂತಿತು. ಕರೆದರೆ ತಿರುಗುವುದಿಲ್ಲ. ಹತ್ತಿರ ಹೋದರೆ ನನ್ನನ್ನು ದಾಟಿ ಹಿಂದೆಲ್ಲೋ ನೋಡುತ್ತಾರೆ. ಕುಲೆ ಬದುಕಿದ್ದವರ ಜೊತೆ ಮಾತಾಡುವುದುಂಟೇ? ಇಷ್ಟು ದಿನ ಅವರು ಹೇಳುತ್ತಿದ್ದರು, ನಾನು ಅಲ್ಲವೆನ್ನುತ್ತಿದ್ದೆ. ಈಗ ನಾನೇ ಹೌದೆಂದು ಬಡಿಸಿ ತೋರಿಸಿದ್ದೆ.

ಫೋನಿನಲ್ಲಿ ಹೇಳಿದಾಗ ಮೇಡಂ ಬೈಯಲಿಲ್ಲ. "ಊಟ ಹೋದದ್ದು ಒಳ್ಳೆಯದೇ. ಇನ್ನು ಬಾಗಿಲು ಮುಚ್ಚಬೇಡಿ," ಎಂದಷ್ಟೇ ಹೇಳಿದರು.

ಬಾಗಿಲು ತೆರೆದಿಟ್ಟರೆ ಉಣ್ಣುವುದನ್ನೇ ಬಿಟ್ಟರೆ? ಆ ಹೆದರಿಕೆಯಲ್ಲಿ ಆ ಮಧ್ಯಾಹ್ನವೂ ಮುಚ್ಚಿದೆ. ಹೊರಗೆ ನಿಂತೆ. ಒಳಗಿನಿಂದ ಅನ್ನ ಕಲಸುವ ಸದ್ದು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಕೇಳಿದ ಸದ್ದು. ತಡೆಯಲಾಗಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದೆ. ಸುಶೀಲಕ್ಕ ಸೆರಗು ಹಿಡಿದು ಎಳೆದರು, ಬಿಡಿಸಿಕೊಂಡೆ. ಇವರ ಕೈ ಎಲೆಯ ಮೇಲೆ ಹಾಗೆಯೇ ನಿಂತಿತು. ನಾನು ಎದುರಿಗೆ ಕೂತು ಅದೇ ಎಲೆಯಿಂದ ಒಂದು ತುತ್ತು ತೆಗೆದು ಬಾಯಿಗಿಟ್ಟೆ. ಮತ್ತೊಂದು ತೆಗೆದೆ. ಕಣ್ಣೀರು ಸುರಿಯುತ್ತಿತ್ತು, ಆದರೂ ತಿಂದೆ.

ಅವರು ನನ್ನನ್ನು ನೋಡಿದರು. ನನ್ನನ್ನೇ ನೋಡಿದರು.

"ಹುಳಿ ಜಾಸ್ತಿ ಆಗಿದೆ," ಎಂದರು.

ಡ್ರಿಪ್ಪಿನ ಗುಣ ಹಿಡಿಯುವ ಹೊತ್ತಿಗೆ ಸರಿಯಾಗಿ ಹೀಗಾಗಿದೆ ಎನ್ನುತ್ತಾರೆ ಮೇಡಂ. ಇರಬಹುದು. ಅವರಿಗೂ ಆ ಔಷಧಿಗೂ ನಾನು ಋಣಿ. ಅದಾದ ಮೇಲೂ ಒಂದೇ ಸಲ ಎಲ್ಲ ಸರಿಯಾಗಲಿಲ್ಲ. ಎಷ್ಟೋ ದಿನ ಇವರು ಅರ್ಧ ಇದ್ದೇನೆ, ಅರ್ಧ ಇಲ್ಲ ಎನ್ನುತ್ತಿದ್ದರು. ಮಾತ್ರೆಗಳು ಈಗಲೂ ಉಂಟು. ಕಾಯಿಲೆ ಮತ್ತೆ ಬರಬಹುದು ಎಂದೂ ಮೇಡಂ ಹೇಳಿದ್ದಾರೆ.

ಈಗ ಬೆಳಗಿನ ಹೊತ್ತು ಹೋಟೆಲಿಗೆ ಬರುತ್ತಾರೆ. ಅಂಗೈಗೆ ಹನಿ ಬಿಟ್ಟುಕೊಂಡು ಒಮ್ಮೊಮ್ಮೆ ಕೈಯನ್ನು ನೋಡುತ್ತಾ ನಿಲ್ಲುತ್ತಾರೆ. ಅವರು ನೆಕ್ಕುವವರೆಗೆ ನಾನು ಉಸಿರು ಬಿಡುವುದಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ಕೇಳಿದರು. "ಬಾಗಿಲು ತಟ್ಟದೆ ಒಳಗೆ ಬಂದದ್ದು ಎಂತಕ್ಕೆ? ಹೆದರಿಕೆ ಆಗ್ಲಿಲ್ವಾ ನಿನಗೆ?"

"ಆಗಿತ್ತು ಮಾರಾಯ್ರೆ," ಎಂದೆ. "ಹಸಿವೂ ಆಗಿತ್ತು."