ಆರ್ವಿಲ್‌ನ ಬಿಕ್ಕಳಿಕೆ

ನನ್ನ ಗಂಡ ಆರ್ವಿಲ್ ಟ್ಯಾಕೆಟ್ ಮೊದಲ ರೆಕಾರ್ಡಿಗೆ ಹಾಡಿದ ದಿನ ಅವನಿಗೆ ನಿಜವಾಗಿಯೂ ಬಿಕ್ಕಳಿಕೆ ಬಂದಿತ್ತು. ಐವತ್ತಾರನೆಯ ಇಸವಿ. ನಾನು ಕಟ್ಟಿಕೊಟ್ಟಿದ್ದ ಬೇಯಿಸಿದ ಸೊಪ್ಪಿಗೆ ಮೆಣಸಿನಕಾಯಿ ನೆನೆಸಿದ ಹುಳಿನೀರು ಸುರಿದುಕೊಂಡು, ಗಬಗಬನೆ ತಿಂದು, ಮೈಕಿನ ಮುಂದೆ ನಿಂತಿದ್ದ. ಸಾಲಿಗೊಂದು ‘ಹಿಕ್’. ನಾಚಿಕೊಂಡು, “ಇನ್ನೊಂದ್ಸಲ ಹಾಡ್ತೀನಿ ಸರ್” ಎಂದ. ರೆಕಾರ್ಡು ಮಾಡುವವನು ಗಾಜಿನ ಹಿಂದಿನಿಂದ, “ಅದನ್ನ ಮುಟ್ಬೇಡ ಕಣೋ! ಮಜಾ ಇರೋದೇ ಅದರಲ್ಲಿ” ಎಂದನಂತೆ.

ಆ ವರ್ಷ ಅಮೆರಿಕದ ಅರ್ಕನ್ಸಾ ರಾಜ್ಯದ ನಮ್ಮ ಹತ್ತಿಸೀಮೆಯಲ್ಲಿ ಯಾರ ಕಾರಿನ ರೇಡಿಯೋ ತಿರುವಿದರೂ ನನ್ನ ಗಂಡ ಬಿಕ್ಕಳಿಸುತ್ತಿದ್ದ. ಮುಂದೆ ನಾಲ್ಕೈದು ವರ್ಷ ಊರೂರಿನ ಕುಣಿತದ ಹಾಲ್‌ಗಳಲ್ಲಿ ಬೇಕೆಂದೇ ಬಿಕ್ಕಳಿಸಿದ. ಮರೆತರೆ ಜನ ಕೂಗಿ ನೆನಪಿಸುತ್ತಿದ್ದರು. ಆಮೇಲೆ ಅಂಥ ಹಾಡುಗಳ ಕಾಲ ಮುಗಿಯಿತು, ಅವನು ಹತ್ತಿಯ ಬೀಜ ಬಿಡಿಸುವ ಜಿನ್ನಿಗೆ ಕೆಲಸಕ್ಕೆ ಹೋದ. ಅಲ್ಲಿಯ ಮೇಸ್ತ್ರಿಯೂ ಬಿಡಲಿಲ್ಲ: “ಏನಪ್ಪಾ ಹಿಕ್ಕು, ನೀರು ಬೇಕಾ?”

ಆರ್ವಿಲ್ ತಾನೇ ಕಟ್ಟಿದ ಹಾಡು ಒಂದಿತ್ತು. ಗಿಟಾರ್ ಕಲಿಸಿದ ಅಣ್ಣ ಎಮ್ಮೆಟ್ ಮರ ಕೊಯ್ಯುವ ಮಿಲ್ಲಿನಲ್ಲಿ ಸತ್ತಿದ್ದ. ಅವನ ನೆನಪಿನ ಹಾಡು ಅದು. ನಿಧಾನದ್ದು, ಬಿಕ್ಕಳಿಕೆಗೆ ಜಾಗವಿಲ್ಲದ್ದು. ಯಾರೂ ಅದನ್ನು ರೆಕಾರ್ಡು ಮಾಡಿಕೊಳ್ಳಲಿಲ್ಲ.

ಎಪ್ಪತ್ತೆರಡರಲ್ಲಿ ಇಂಗ್ಲೆಂಡಿನ ಒಂದು ರೇಡಿಯೋದವರು ಕಾಗದ ಬರೆದರು. ಅಲ್ಲಿಯ ಹುಡುಗರಿಗೆ ಹಳೆಯ ರೆಕಾರ್ಡುಗಳ ಹುಚ್ಚಂತೆ, ಬಂದು ನಾಲ್ಕು ಹಾಡು ಹಾಡಬೇಕಂತೆ. ಮೂರು ನಿಮ್ಮಿಷ್ಟ, ಒಂದು ನನ್ನಿಷ್ಟ ಎಂದು ಆರ್ವಿಲ್ ಬರೆದ. ಅವರು ಒಪ್ಪಿದರು.

“ನೋಡ್ತಿರು ಲೋರೀನ್, ಅಣ್ಣನ ಹಾಡಲ್ಲಿ ಒಂದೇ ಒಂದು ಹಿಕ್ ಬರಲ್ಲ.”

“ಹೋಗಿ ಬಾ ಮಾರಾಯ. ಆ ಮೆಣಸಿನಕಾಯಿ ಬಾಟ್ಲಿ ಮಾತ್ರ ಜೊತೇಲಿ ತಗೊಂಡ್ಹೋಗ್ಬೇಡ.”

ವಾರದ ಮೇಲೆ ಟೇಪು ಹಿಡಿದು ಬಂದ. ನನ್ನ ತಂಗಿಯ ಮನೆಯಿಂದ ಟೇಪಿನ ಯಂತ್ರ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟು ಕೇಳಿದೆವು. ಮೂರು ಹಾಡು ಎಂದಿನಂತೆ. ನಾಲ್ಕನೆಯದು ಚೆನ್ನಾಗಿಯೇ ಹೊರಟಿತು. ಎಮ್ಮೆಟ್‌ನ ಹೆಸರು ಬರುವ ಕಡೆ ‘ಹಿಕ್’.

“ನಾನು ಮಾಡ್ಲಿಲ್ಲ ಕಣೇ. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು, ತಾನಾಗೇ ಬಂತು.”

“ಇನ್ನೊಂದ್ಸಲ ಹಾಡ್ತೀನಿ ಅನ್ಬಾರ್ದಿತ್ತಾ?”

“ಇದು ಮೂರನೇ ಸಲದ್ದು. ಅವರಿಗೋ ಖುಷಿಯೋ ಖುಷಿ.”

ಟೇಪನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟ. ಮತ್ತೆರಡು ಸಲ ಹೊರದೇಶದ ರೇಡಿಯೋಗಳು ಕರೆದವು, ಹೋದ. ನಾಲ್ಕೂ ಅವರಿಷ್ಟದವೇ ಹಾಡಿ ಬಂದ.

ಭಾನುವಾರ ಮೆಕ್ಕೆಜೋಳದ ರೊಟ್ಟಿ ಬೇಯಿಸುವುದು ಅವನ ಕೆಲಸ. ಒಲೆಯ ಕಡೆ ಮುಖ ಮಾಡಿಕೊಂಡು ಅಣ್ಣನ ಹಾಡು ಹಾಡುತ್ತಾನೆ. ಹಗ್ಗದಿಂದ ಬಟ್ಟೆ ತೆಗೆದುಕೊಂಡು ಬರುವ ನಾನು ಜಾಲರಿ ಬಾಗಿಲ ಹೊರಗೆ ನಿಂತು ಕೇಳುತ್ತೇನೆ. ಒಂದೂ ಹಿಕ್ ಇಲ್ಲ. ಒಮ್ಮೆ ಮರೆತು ಜಗುಲಿಯ ಸಡಿಲ ಹಲಗೆಯ ಮೇಲೆ ಕಾಲಿಟ್ಟೆ, ಅದು ಕಿರ್ ಎಂದಿತು. ಅವನು ತಿರುಗಿ ಕೂಡ ನೋಡಲಿಲ್ಲ, ಗಂಟಲು ಮಾತ್ರ ‘ಹಿಕ್’ ಎಂದಿತು. ಅಂದಿನಿಂದ ಹಾಡು ಮುಗಿಯುವ ತನಕ ಬಟ್ಟೆ ಹೊತ್ತುಕೊಂಡು ಅಲ್ಲೇ ನಿಂತಿರುತ್ತೇನೆ.

“ಎಲ್ಲಿ ಹೋದ್ಯೇ? ರೊಟ್ಟಿ ಆರ್ತಾ ಇದೆ!”

“ದುಪ್ಪಟಿ ಇನ್ನೂ ಸ್ವಲ್ಪ ಹಸಿ ಇತ್ತು, ಬಂದೆ,” ಎನ್ನುತ್ತೇನೆ.