ಪುಂಡಿ ಸೊಪ್ಪಿಗೆ ಸಿಕ್ಕ ಜಾಗ

ಸಿರುಗುಪ್ಪ ಬಿಟ್ಟು ಬಂದು ಕಾಮಗೆರೆಯ ಬಾಡಿಗೆ ಮನೆಗೆ ಇಳಿದ ದಿನ, ಮನೆಯೊಡತಿ ಚನ್ನಾಜಮ್ಮ ನಮ್ಮ ಜಾತಿ ಕೇಳಲಿಲ್ಲ, ಗಂಡನ ಸಂಬಳ ಕೇಳಲಿಲ್ಲ. ಪಾತ್ರೆ ಚೀಲದೊಳಗಿದ್ದ ಬಟ್ಟೆ ಗಂಟನ್ನು ತಾವೇ ಬಿಚ್ಚಿ, ಬೀಜವನ್ನು ಅಂಗೈಗೆ ಸುರಿದುಕೊಂಡು, "ಇದ್ಯಾವ ಸೀಮೆ ಬೀಜವ್ವ? ನಮ್ಮ ಇತ್ಲಿಗೆ ಇದ್ನ ಆಕ್‌ಬ್ಯಾಡ" ಅಂದರು. ಕೋಪ ನನಗೆ ಮೂಗಿನ ತುದಿಯಲ್ಲೇ. ಇನ್ನೊಬ್ಬರ ಗಂಟಿಗೆ ಕೈ ಹಾಕುವುದು ಯಾವ ಊರಿನ ಮರ್ಯಾದೆ ಎಂದು ಕೇಳುವವಳಿದ್ದೆ. ಗಂಡ ಕಣ್ಸನ್ನೆ ಮಾಡಿದ್ದಕ್ಕೆ ಬಾಯಿ ಮುಚ್ಚಿಕೊಂಡೆ.

ಅದು ಪುಂಡಿ ಬೀಜ. ಪುಂಡಿ ಪಲ್ಯವಿಲ್ಲದ ರೊಟ್ಟಿ ನಮ್ಮ ಕಡೆ ಊಟವೇ ಅಲ್ಲ ಎಂದು ನಿಮಗೆ ಹೇಳಬೇಕಿಲ್ಲ. ಕಾಮಗೆರೆಯಲ್ಲಿ ನಾನು ಕೇಳಿದ ಯಾರಿಗೂ ಆ ಹುಳಿ ಸೊಪ್ಪಿನ ಹೆಸರು ಗೊತ್ತಿರಲಿಲ್ಲ. ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದಿಗೇ ಬೆಳಗಾಗುತ್ತದೆ, ಇಲ್ಲಿ ನಾನು ಬಡಿದರೆ ಚನ್ನಾಜಮ್ಮ ಓಡಿಬಂದು, "ಏನ್ ಮಗ, ಗ್ವಾಡೆ ಒಡಿತಿದ್ದೀಯಾ?" ಎನ್ನುತ್ತಿದ್ದರು. ಇವರದು ಮುದ್ದೆ, ಉಪ್ಸಾರು. ಉಪ್ಸಾರೆಂದರೆ ಕಾಳು, ಸೊಪ್ಪು ಬೇಯಿಸಿದ ನೀರಿಗೆ ಉಪ್ಪು ಹಾಕಿ, ಖಾರವನ್ನು ಬೇರೆ ಅರೆದಿಟ್ಟುಕೊಂಡು ಕಲಸಿ ಉಣ್ಣುವ ಸಾರು. ನುಂಗಬೇಕಾದ ಮುದ್ದೆಯನ್ನು ನಾನು ಅಗಿಯುವುದನ್ನು ನೋಡಿ ಬೀದಿಯೇ ನಕ್ಕಿತ್ತು.

ಗಂಡನಿಗೆ ಕೊಳ್ಳೇಗಾಲದ ರೇಷ್ಮೆ ಕಚೇರಿಯಲ್ಲಿ ಕೆಲಸ. ದಿನವಿಡೀ ನಾನೊಬ್ಬಳೇ. ಅಷ್ಟರಲ್ಲಿ ಬಸುರಿಯಾದೆ. ಹೊಸ ಊರು, ಕಣ್ಣು ಬಿದ್ದೀತು, ಹೊಟ್ಟೆ ಕಾಣುವವರೆಗೆ ಯಾರಿಗೂ ಹೇಳಬೇಡ ಎಂದು ಫೋನಿನಲ್ಲಿ ಅವ್ವ ತಾಕೀತು ಮಾಡಿದ್ದಳು. ಹೇಳಲಿಲ್ಲ. ಆದರೆ ನಾಲಿಗೆ ಕೇಳಬೇಕಲ್ಲ! ಅನ್ನ ಕಂಡರೆ ವಾಕರಿಕೆ, ಮುದ್ದೆ ಕಂಡರೆ ಅಳು. ಪುಂಡಿ ಒಂದೇ ಬೇಕು. ಚನ್ನಾಜಮ್ಮನ ಕಣ್ಣು ತಪ್ಪಿಸಿ ಹಿತ್ತಲ ಬೇಲಿಯ ಸಾಲಿಗೆ ಬೀಜ ಹಾಕಿದೆ. ಗೇಣುದ್ದ ಎದ್ದ ಗಿಡ ನೋಡಿದರೆ ತವರನ್ನೇ ನೋಡಿದಷ್ಟು ಸಂತೋಷ.

ನಾಳೆ ಕೊಯ್ಯೋಣ ಎಂದುಕೊಂಡಿದ್ದೆ. ಬೆಳಿಗ್ಗೆ ಹೋದರೆ ಅಷ್ಟನ್ನೂ ಬೇರು ಸಮೇತ ಕಿತ್ತು ಗುಡ್ಡೆ ಹಾಕಿ, ಚನ್ನಾಜಮ್ಮ ಕೈ ಕೊಡವುತ್ತ ನಿಂತಿದ್ದರು.

"ಲಂಟಾನನೂವೆ ಇಂಗೇ ಬಂದದ್ದು ಕಣವ್ವ. ಊವು ಚೆಂದಾಗದೆ ಅಂತ ಬುಟ್ರು. ನಮ್ಮ ತೌರು ಊಗ್ಯಂನಲ್ಲಿ ನಮ್ಮಪ್ಪನ ದನ ಮೇಯೋ ಬೆಟ್ಟನೆಲ್ಲ ತಿಂದಾಕ್ತು. ಒರಗಿಂದ ಬಂದದ್ನ ಮೊಳಕೇಲೇ ಕೀಳ್ಬೇಕು."

"ಹಂಗಾರ ನಮ್ಮನ್ನೂ ಕಿತ್ತು ಒಗೀರಿ!" ಎಂದೆ. "ನೀವು ಅರಿಯೋ ಮೆಣಸಿನಕಾಯಿ ಕಡಲು ದಾಟಿ ಬಂದದ್ರೀ. ರೇಷ್ಮಿ ಬೆಳೆದು ಈ ಮನಿ ಕಟ್ಟಿಸೀರಲ್ಲ, ಆ ಹಿಪ್ಪುನೇರಳೆ ಚೀನಾದ ಕಡ್ಡಿ. ಅವನ್ಯಾಕ ಕೀಳಲಿಲ್ಲ?"

"ಅವು ಅನ್ನ ಕೊಡ್ತವೆ."

"ಇದೂ ಕೊಡ್ತೈತ್ರೀ! ಬಸುರಿ ಬಾಯಿಗೆ ರುಚಿ ಆಗಲಿ ಅಂತ ಹಾಕೀನಿ!"

ಮಾತು ಜಾರಿಬಿಟ್ಟಿತು. ಚನ್ನಾಜಮ್ಮ ಕಿತ್ತ ಗುಡ್ಡೆಯತ್ತ ತಿರುಗಿದರು. "ಅಯ್ಯೋ ಮಾದಪ್ಪಾ! ಬಸುರಿ ಬಯಕೆನ ಕಿತ್ತಾಕ್ಬುಟ್ನಾ?" ಎನ್ನುತ್ತ ಅಲ್ಲೇ ಕುಕ್ಕರಿಸಿದರು. ಈ ಸೀಮೆಯಲ್ಲಿ ಬಸುರಿಯ ಬಯಕೆ ತಪ್ಪಿಸುವುದಕ್ಕಿಂತ ದೊಡ್ಡ ಪಾಪವಿಲ್ಲ. ನನಗೆ ಕರುಣೆ ಬರಲಿಲ್ಲ. ಸಂಜೆ ಗಂಡನಿಗೆ ಬೇರೆ ಮನೆ ನೋಡೆಂದು ಹೇಳಿ ಪಾತ್ರೆ ಕಟ್ಟತೊಡಗಿದೆ.

ಮಾರನೇ ದಿನ ಚನ್ನಾಜಮ್ಮನ ಬಾಗಿಲಿಗೆ ಬೀಗ. ಇಳಿಹೊತ್ತಿನಲ್ಲಿ ಹನೂರಿನ ಬಸ್ಸಿಳಿದು ಬಂದರು. ಮಡಿಲ ತುಂಬ ಕೆಂಪು ಕಡ್ಡಿಯ ಪುಂಡಿ ಸೊಪ್ಪು!

"ಊಗ್ಯಂಗೆ ಓಗಿದ್ದೆ ಮಗ. ನಮ್ಮಪ್ಪನ ಮನೆ ಪಕ್ಕ ತಮಿಳ್ನೋರು ಅವ್ರೆ. ಇದ್ನ ಪುಳಿಚ್ಚ ಕೀರೆ ಅಂತಾರಂತೆ. ಗೋಡೆ ಪಕ್ಕದಲ್ಲೇ ಬೆಳೀತಿದ್ರು, ನಾನು ಒಂದಿನಾನೂ ಇದೇನು ಅಂತ ಕೇಳ್ನಿಲ್ಲ."

ನನ್ನಿಂದ ಕೇಳಿ ಕೇಳಿ ಪಲ್ಯ ಮಾಡಿದರು. ಬೆಳ್ಳುಳ್ಳಿ ಕಮ್ಮಿ, ಖಾರ ಜಾಸ್ತಿ. ಮುದ್ದೆಯ ಜೊತೆ ಅದನ್ನುಂಡೆ. ಕಣ್ಣಲ್ಲಿ ನೀರು ಖಾರಕ್ಕಷ್ಟೇ ಬಂದದ್ದಲ್ಲ. ನಾನು ಉಣ್ಣುವುದನ್ನೇ ನೋಡುತ್ತ ಕೂತಿದ್ದವರು, "ಒಡೆಯರಪಾಳ್ಯಕ್ಕೆ ಟಿಬೆಟ್‌ನೋರು ಬಂದಾಗ್ಲೂ ನಮ್ಮಪ್ಪ ಇಂಗೇ ಎದ್ರಿದ್ದ. ಆಮೇಲೆ ಅವ್ರ ಮುಸ್ಕಿನ ಜೋಳದ ಒಲ ನೋಡಿ ತಾನೂ ಜೋಳ ಆಕ್ದ" ಎಂದು ನಕ್ಕರು. ಕಟ್ಟಿದ ಪಾತ್ರೆ ಬಿಚ್ಚಿದೆ.

ಮುಂದೆ ಅವರೇ ನನ್ನನ್ನು ತಮ್ಮ ತವರು ಹೂಗ್ಯಂಗೆ ಕರೆದೊಯ್ದು ಆ ಬೆಟ್ಟ ತೋರಿಸಿದರು. ಲಂಟಾನದ ಪೊದೆಯ ಕೆಳಗೆ ಒಂದು ಎಳೆ ಹುಲ್ಲಿಲ್ಲ. ಅವರ ಸಂಕಟ ಸುಳ್ಳಲ್ಲ. ನನ್ನದೂ ಒಂದು ಹಟ: "ಹೊರಗಿನದು" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನ್ನನ್ನೇ ಅಂದರೆಂದುಕೊಂಡು ಕಳೆಯ ಪರವಾಗಿಯೂ ಜಗಳಕ್ಕೆ ನಿಲ್ಲುತ್ತಿದ್ದೆ. ಎಲ್ಲಿಂದ ಬಂತು ಎಂದು ಕೇಳಿದರೆ ಸಾಲದು, ಬಂದು ಏನು ಮಾಡುತ್ತಿದೆ ಎಂದು ನೋಡುವ ತಾಳ್ಮೆ ಬೇಕು. ಗಿಡಕ್ಕೇ ಅಷ್ಟು ತಾಳ್ಮೆ ಬೇಕಾದರೆ ಮನುಷ್ಯರಿಗೆ ಎಷ್ಟು ಬೇಡ! ಆ ತಾಳ್ಮೆ ನನಗೆ ಕಾಮಗೆರೆಯಲ್ಲಿ ಸಿಕ್ಕಿತು. ಅದರ ಋಣ ದೊಡ್ಡದು.

ಹೆರಿಗೆಗೆ ಸಿರುಗುಪ್ಪಕ್ಕೆ ಹೊರಟಾಗ ಚನ್ನಾಜಮ್ಮ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನವರೆಗೂ ಬಂದು, ಹೆತ್ತತಾಯಿಯಂತೆ ಮಡಿಲಕ್ಕಿ ತುಂಬಿದರು. ಮಗಳು ಹುಟ್ಟಿದ ಮೇಲೆ ದಿನಾ ಫೋನು: "ಕೂಸ್ನ ಎತ್ಕಂಡು ಯಾವಾಗ ಬಂದೀಯೆ? ಮನೆ ಸುಣ್ಣ ಒಡ್ಸಿವ್ನಿ."

ನಿನ್ನೆ ಆ ಫೋನಿಟ್ಟು, "ಅವ್ವಾ, ಕೂಸಿಗೆ ಮೈ ಗಟ್ಟಿ ಆತು. ಇನ್ನ ನಮ್ಮೂರಿಗೆ ಹೋಗ್ತೀನಿ" ಎಂದೆ.

ಮಗುವಿಗೆ ಎಣ್ಣೆ ತಿಕ್ಕುತ್ತಿದ್ದ ಅವ್ವನ ಕೈ ನಿಂತಿತು. "ಮತ್ತ ಇದು ಯಾರೂರವ್ವಾ?" ಎಂದಳು.